ಏರಿ ಹಿಂದಿನ ತೇವ



ಒಂದು ತಂಬಿಗೆ ನೀರಿನ ಕತೆಯಿಂದ ಶುರು ಮಾಡುತ್ತೇನೆ. ನಾನು ಎಂಜಿನಿಯರಾಗಿ ಕೆಲಸಕ್ಕೆ ಸೇರಿ ಎರಡನೆಯ ವರ್ಷ. ತುಮಕೂರಿನ ಕಡೆಯ ಒಂದು ಹಳ್ಳಿ. ಚಿತ್ತೆ ಮಳೆ ಮೂರು ದಿನ ಬಿಡದೆ ಹೊಡೆದು ಊರ ಕೆರೆ ಕೋಡಿ ಬಿದ್ದಿತ್ತು. ಎಷ್ಟೋ ವರ್ಷದ ಮೇಲೆ ಬಿದ್ದ ಕೋಡಿ. ಊರಿಗೆ ಊರೇ ಬಾಗಿನ ಬಿಡುವ ಸಡಗರದಲ್ಲಿತ್ತು. ಸಂಜೆ ಹೊತ್ತಿಗೆ ಅಲ್ಲಿನ ನೀರುಗಂಟಿ ನನ್ನನ್ನು ಹುಡುಕಿಕೊಂಡು ಬಂದರು. ಅರವತ್ತು ದಾಟಿದವರು, ತಲೆ ಮೇಲೆ ಗೋಣಿ ಕೊಪ್ಪೆ, ಮೊಣಕಾಲವರೆಗೆ ಕೆಸರು. "ಏರಿ ಹಿಂದೆ ಒರತೆ ಎದ್ದದೆ ಸ್ವಾಮಿ, ಒಂದು ಗಳಿಗೆ ಬಂದು ನೋಡಿ" ಅಂದರು. ಕಾಲೇಜಿನಲ್ಲಿ ಓದಿದ್ದರ ಬಿಸಿ ನನಗಿನ್ನೂ ಆರಿರಲಿಲ್ಲ. ಮಣ್ಣಿನ ಏರಿ ಎಂದಮೇಲೆ ಸ್ವಲ್ಪ ಒಸರಿಯೇ ಒಸರುತ್ತದೆ, ಒಸರದ ಕೆರೆ ಎಲ್ಲಿದೆ ಎಂದು ಅವರಿಗೇ ಪಾಠ ಹೇಳಿದೆ. ಅವರು ವಾದಕ್ಕೆ ಬರಲಿಲ್ಲ.

ಆದರೂ ಹೋದೆ. ಏರಿಯ ಬುಡದಲ್ಲಿ, ಗದ್ದೆ ಬದುವಿನ ಪಕ್ಕ, ಹೆಬ್ಬೆರಳು ಗಾತ್ರದಲ್ಲಿ ನೀರು ಬುಳುಬುಳು ಏಳುತ್ತಿತ್ತು. ಅವರು ಸೊಂಟದ ಚೀಲದಿಂದ ಒಂದು ಹಿತ್ತಾಳೆ ತಂಬಿಗೆ ತೆಗೆದು, ಒರತೆಯ ಬಾಯಿಗೆ ಹಿಡಿದು ತುಂಬಿಸಿ, ಒಂದು ಚಪ್ಪಡಿ ಕಲ್ಲಿನ ಮೇಲೆ ಅಲ್ಲಾಡದ ಹಾಗೆ ಇಟ್ಟರು. ಕೊಪ್ಪೆಯ ಮರೆಯಲ್ಲಿ ಬೀಡಿ ಹಚ್ಚಿಕೊಂಡು ಕೂತರು. ನನಗೆ ಇದೇನು ಶಾಸ್ತ್ರವೋ ಎನ್ನಿಸಿತು. ಬೀಡಿ ಮುಗಿಯುವವರೆಗೂ ಮಾತಿಲ್ಲ. ಮುಗಿದಮೇಲೆ ತಂಬಿಗೆಯನ್ನು ನಿಧಾನವಾಗಿ ಬಗ್ಗಿಸಿ ಮೇಲಿನ ನೀರು ಚೆಲ್ಲಿ, ತಳವನ್ನು ನನ್ನ ಬ್ಯಾಟರಿಯ ಬೆಳಕಿಗೆ ತೋರಿಸಿದರು. ಅಡಿಯಲ್ಲಿ ಉಗುರು ದಪ್ಪದಷ್ಟು ನುಣ್ಣನೆಯ ಕೆಮ್ಮಣ್ಣು ಕೂತಿತ್ತು.

"ನೀರು ಹೋದರೆ ಹೋಗಲಿ ಸ್ವಾಮಿ. ಇದು ಏರಿ ಹೋಗ್ತಾ ಇರೋದು" ಅಂದರು.

ನಾಲ್ಕು ವರ್ಷದ ಓದಿನಲ್ಲಿ ನಾನು ಕಲಿತದ್ದಕ್ಕಿಂತ ಹೆಚ್ಚಿನದು ಆ ಒಂದು ಮಾತಿನಲ್ಲಿತ್ತು. ತಿಳಿನೀರು ಒಸರಿದರೆ ಏರಿ ಉಸಿರಾಡುತ್ತಿದೆ ಎಂದು ಸುಮ್ಮನಿರಬಹುದು, ಅದರ ಮೇಲೆ ಒಂದು ಕಣ್ಣಿಟ್ಟರೆ ಸಾಕು. ಕದಡಿದ ನೀರು ಬಂದರೆ ಒಳಗಿನ ಮಣ್ಣು ಕಣಕಣವಾಗಿ ಜಾರಿ ಹೊರಗೆ ಬರುತ್ತಿದೆ ಎಂದೇ ಅರ್ಥ. ಈ ಸವೆತ ಶುರುವಾಗುವುದು ಏರಿಯ ಹಿಂಬದಿಯಲ್ಲಿ. ಅಲ್ಲಿಂದ ಇಲಿ ಕೊರೆದ ಹಾಗೆ ಒಳಒಳಗೇ ಕೆರೆಯ ಕಡೆಗೆ ಬಿಲ ಬೆಳೆಯುತ್ತಾ ಹೋಗುತ್ತದೆ. ಎಂಜಿನಿಯರುಗಳು ಇದನ್ನು ಪೈಪಿಂಗ್ ಎನ್ನುತ್ತಾರೆ. ಬಿಲ ಉದ್ದವಾದಷ್ಟೂ ನೀರು ಸಾಗಬೇಕಾದ ದಾರಿ ಕಡಿಮೆಯಾಗಿ ರಭಸ ಹೆಚ್ಚುತ್ತದೆ, ರಭಸ ಹೆಚ್ಚಿದಷ್ಟೂ ಬಿಲ ಅಗಲವಾಗುತ್ತದೆ. ಬಿಲದ ತುದಿ ಕೆರೆಯ ನೀರನ್ನು ಮುಟ್ಟಿತೆಂದರೆ ಆಮೇಲೆ ಗಂಟೆಗಳ ಲೆಕ್ಕ, ಕೆಲವು ಸಲ ನಿಮಿಷಗಳ ಲೆಕ್ಕ.

ಆ ರಾತ್ರಿ ಊರಿನ ಹುಡುಗರು ಜೇಡಿಮಣ್ಣು ಹೊತ್ತು ತಂದು ಒರತೆಯ ಬಾಯಿಗೆ ಮೆತ್ತಲು ಹೊರಟಿದ್ದರು. ಯಾರಿಗಾದರೂ ಮೊದಲು ತೋಚುವುದು ಅದೇ. ಸೋರುವ ಮಡಕೆಗೆ ಮೇಣ ಮೆತ್ತುವುದಿಲ್ಲವೇ? ಆದರೆ ಏರಿಯ ಹಿಂದೆ ಬಾಯಿ ಮುಚ್ಚಿದರೆ ನೀರು ನಿಲ್ಲುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ, ಅದು ಮೊದಲಿನದಕ್ಕಿಂತ ದೊಡ್ಡದಿರುತ್ತದೆ. ನೀರಿಗೆ ದಾರಿ ಬಿಡಬೇಕು, ಮಣ್ಣನ್ನು ಹಿಡಿಯಬೇಕು. ಮೊದಲು ಒರಟು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಮೇಲೆ ದಪ್ಪ ಕಲ್ಲು ಪೇರಿಸಿದೆವು. ನಮ್ಮ ಪುಸ್ತಕದಲ್ಲಿ ಇದಕ್ಕೆ ತಿರುಗುಮುರುಗು ಶೋಧಕ ಎನ್ನುವ ಹೆಸರಿದೆ. ಅಡುಗೆ ಮನೆಯ ಭಾಷೆಯಲ್ಲಿ ಹೇಳುವುದಾದರೆ ಜರಡಿ. ಸುತ್ತ ಮರಳು ಚೀಲಗಳನ್ನು ಬಾವಿಯ ಕಟ್ಟೆಯ ಹಾಗೆ ಪೇರಿಸಿ ಒಳಗೆ ಮೊಳದಷ್ಟು ನೀರು ನಿಲ್ಲುವಂತೆ ಮಾಡಿದೆವು. ನಿಂತ ನೀರು ಒರತೆಯನ್ನು ಎದುರಿನಿಂದ ಒತ್ತಿ ಹಿಡಿಯಿತು. ಅತ್ತ ನೀರುಗಂಟಿ ತೂಬನ್ನು ಸ್ವಲ್ಪವೇ ಎತ್ತಿ ಕೆರೆಯ ಮಟ್ಟ ಇಳಿಸತೊಡಗಿದರು. ಪೂರ್ತಿ ಎತ್ತಿ ಎಂದು ನಾನು ಕೂಗಿದರೂ ಅವರು ಕೇಳಲಿಲ್ಲ. ಒಮ್ಮೆಲೇ ನೀರಿಳಿದರೆ ನೆನೆದು ಭಾರವಾದ ಒಳಮೈಗೆ ಎದುರು ಆಸರೆ ತಪ್ಪಿ ಏರಿಯ ಆ ಕಡೆಯೇ ಕುಸಿಯುತ್ತದೆ. ಅದನ್ನು ಅವರಿಗೆ ಯಾವ ಕಾಲೇಜೂ ಹೇಳಿಕೊಟ್ಟಿರಲಿಲ್ಲ. ಬೆಳಗಿನ ಜಾವ ಮತ್ತೆ ತಂಬಿಗೆ ಹಿಡಿದರು. ಈ ಸಲ ತಳದಲ್ಲಿ ಏನೂ ಇರಲಿಲ್ಲ.

ಕೆರೆ ಉಳಿಯಿತು. ಉಳಿದ ಕೆರೆಯ ಸುದ್ದಿ ಪತ್ರಿಕೆಯಲ್ಲಿ ಬರುವುದಿಲ್ಲ.

ಕರ್ನಾಟಕದಲ್ಲಿ ಇಂಥ ಕೆರೆಗಳು ಸುಮಾರು 36,000 ಇವೆ ಎಂಬ ಲೆಕ್ಕವಿದೆ. ಹೆಚ್ಚಿನವುಗಳ ವಯಸ್ಸನ್ನು ಶತಮಾನಗಳಲ್ಲೇ ಎಣಿಸಬೇಕು. 1860ರ ದಶಕದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ ಈ ಸೀಮೆಯನ್ನು ಸುತ್ತಿ, ಇಲ್ಲಿ ಹೊಸದಾಗಿ ಕೆರೆ ಕಟ್ಟಲು ಜಾಗ ಹುಡುಕಬೇಕಾದರೆ ಒಳ್ಳೆಯ ಜಾಣ್ಮೆಯೇ ಬೇಕು ಎಂಬರ್ಥದ ಮಾತು ಬರೆದಿಟ್ಟ. ಹಳ್ಳ ಹರಿಯುವ ಕಡೆಯೆಲ್ಲ ನಮ್ಮವರು ಆಗಲೇ ಕೆರೆ ಕಟ್ಟಿ ಮುಗಿಸಿದ್ದರು. ಒಂದರ ಕೋಡಿಯ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೂ ಕೆಳಗಿನದಕ್ಕೆ. ನೋಡಲು ಚೆಂದವಾದ ಈ ಸರಪಳಿಯಲ್ಲಿ ಒಂದು ಅಪಾಯವೂ ಇದೆ. ಮೇಲಿನ ಕೆರೆ ಒಡೆದರೆ ಅದು ತನ್ನಷ್ಟಕ್ಕೆ ಒಡೆದು ಸುಮ್ಮನಾಗುವುದಿಲ್ಲ, ಕೆಳಗಿನದನ್ನೂ ಎಳೆದುಕೊಂಡು ಹೋಗುತ್ತದೆ.

ಕೆರೆಯನ್ನು ನಾವು ಯಾರೂ ಅಣೆಕಟ್ಟೆ ಎಂದು ಕರೆಯುವುದಿಲ್ಲ. ಅಣೆಕಟ್ಟೆ ಎಂದರೆ ಕನ್ನಂಬಾಡಿ, ತುಂಗಭದ್ರಾ. ಏರಿ ಎಂದರೆ ಎಮ್ಮೆ ಮೇಯುವ ಜಾಗ, ಸಂಜೆ ಕೂತು ಹರಟುವ ಜಾಗ, ಪಕ್ಕದ ಊರಿಗೆ ಒಳದಾರಿ. ಆದರೆ ಏರಿಯೂ ಅಣೆಕಟ್ಟೆಯೇ, ಮಣ್ಣಿನ ಅಣೆಕಟ್ಟೆ. ಸಣ್ಣ ಲೆಕ್ಕ ಹಾಕೋಣ. ಇಪ್ಪತ್ತು ಎಕರೆ ಅಂಗಳದ ಕೆರೆ, ಸರಾಸರಿ 2 ಮೀಟರ್ ನೀರು. ಎಕರೆಗೆ ನಾಲ್ಕು ಸಾವಿರ ಚದರ ಮೀಟರಿನಂತೆ ಹಿಡಿದರೆ 1,60,000 ಘನ ಮೀಟರ್ ನೀರಾಯಿತು. ಒಂದು ಘನ ಮೀಟರ್ ನೀರು ಒಂದು ಟನ್ನು. ಹತ್ತು ಟನ್ ಹೊರುವ ಲಾರಿಗಳಲ್ಲಿ ತುಂಬಿದರೆ 16,000 ಲಾರಿ. ಅಷ್ಟು ಭಾರವನ್ನು ನಮ್ಮ ಮನೆಗಳಿಗಿಂತ ಎತ್ತರದಲ್ಲಿ ಒಂದು ಮಣ್ಣಿನ ದಿಬ್ಬ ಹಿಡಿದುಕೊಂಡು ನಿಂತಿದೆ. ಒತ್ತಡ ನೀರಿನ ಹರಹನ್ನು ನೋಡುವುದಿಲ್ಲ, ಆಳವನ್ನು ನೋಡುತ್ತದೆ. ಸೂಳೆಕೆರೆಯಾದರೂ ತೋಟದ ಬಾವಿಯಾದರೂ ಹತ್ತು ಅಡಿ ಆಳದಲ್ಲಿ ಒತ್ತುವ ಒತ್ತಡ ಒಂದೇ. ನಮ್ಮದು ಸಣ್ಣ ಕೆರೆ ಎಂಬ ಸಮಾಧಾನಕ್ಕೆ ಅರ್ಥವಿಲ್ಲ.

ಹಳಬರಿಗೆ ಇದು ಗೊತ್ತಿತ್ತು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಶಾಸನವಿದೆ. ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯದು. ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ ಎಂದು ಲೆಕ್ಕ ಕೊಡುತ್ತದೆ. ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಕಲ್ಲಿನ ಮೇಲೆ ಬರೆಸಿದ್ದಾನೆ. ಉಪ್ಪು ಮಣ್ಣು ಒಂದು ದೋಷ, ಎರಡು ರಾಜ್ಯಗಳ ಗಡಿಯಲ್ಲಿರುವುದು ಇನ್ನೊಂದು ದೋಷ. ಇವತ್ತಿನ ಜಲವಿವಾದ ನೋಡಿದವರಿಗೆ ಈ ಎರಡನೆಯದು ನಗು ತರಿಸಬಹುದು. ಆ ಆರರಲ್ಲಿ ಮೊದಲು ಹೇಳಿರುವುದು ಯಾವುದು ಗೊತ್ತೇ? ಏರಿಯಿಂದ ನೀರು ಒಸರುವುದು. ಆರೂವರೆ ಶತಮಾನದ ಹಿಂದಿನ ಶಾಸನ ಮೊದಲು ಬೊಟ್ಟು ಮಾಡಿದ್ದು ನಮ್ಮ ನೀರುಗಂಟಿಯ ತಂಬಿಗೆ ಬೊಟ್ಟು ಮಾಡಿದ ಜಾಗಕ್ಕೇ.

ಅದೇ ಕಡಪ ಜಿಲ್ಲೆಯಲ್ಲಿ 2021ರ ನವೆಂಬರ್ 19ರಂದು ಚೆಯ್ಯೇರು ನದಿಯ ಅನ್ನಮಯ್ಯ ಜಲಾಶಯದ ಮಣ್ಣಿನ ಕಟ್ಟೆ ಕೊಚ್ಚಿಹೋಯಿತು. ಮೇಲಿನ ಪಿಂಛಾ ಜಲಾಶಯದ ಕಟ್ಟೆ ಮೊದಲು ಒಡೆದು ನೀರು ಒಮ್ಮೆಲೇ ಬಂತು. ಕೆಳಗೆ ಐದು ಗೇಟುಗಳಲ್ಲಿ ಒಂದು ಏಳುವ ಸ್ಥಿತಿಯಲ್ಲಿರಲಿಲ್ಲ. ನೀರು ಕಟ್ಟೆಯ ತಲೆಯ ಮೇಲೆ ಹತ್ತಿತು. ಕಾಂಕ್ರೀಟಿನ ಕಟ್ಟೆಯ ಮೇಲೆ ನೀರು ಹತ್ತಿ ಇಳಿದರೂ ಅದು ನಿಂತೀತು. ಮಣ್ಣಿನ ಏರಿ ಮಾತ್ರ ತಲೆಯ ಮೇಲೆ ನೀರು ತಡೆಯುವುದಿಲ್ಲ, ಹಿಂಬದಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಕರಗಿ ಬೀಳುತ್ತದೆ. ಗುಜರಾತಿನ ಮೋರ್ಬಿಯಲ್ಲಿ 1979ರ ಆಗಸ್ಟ್ 11ರಂದು ಮಚ್ಛು ಎರಡನೆಯ ಅಣೆಕಟ್ಟೆ ಸಾವಿರಾರು ಜನರನ್ನು ನುಂಗಿದ್ದೂ ಹೀಗೆಯೇ. ಅದರ ಎರಡು ತೋಳುಗಳೂ ಮಣ್ಣಿನವು.

ಒಸರಿನದು ಇನ್ನೊಂದು ಉದಾಹರಣೆ. 2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬಲ್ಲಿ ಸಣ್ಣದೊಂದು ಮಣ್ಣಿನ ಅಣೆಕಟ್ಟೆ ಒಡೆದು ಇಪ್ಪತ್ತಕ್ಕೂ ಹೆಚ್ಚು ಮಂದಿ ಕೊಚ್ಚಿಹೋದರು. ಸೋರುತ್ತಿದೆ ಎಂದು ಮೊದಲೇ ಹೇಳಿದ್ದೆವು ಎಂದರು ಊರವರು. ಮಂತ್ರಿಯೊಬ್ಬರು ಏಡಿಗಳು ಕೊರೆದು ಹೀಗಾಯಿತು ಎಂದುಬಿಟ್ಟರು. ದೇಶವೆಲ್ಲ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ಏಡಿ ಏರಿ ಕೊರೆಯುವುದು ನಿಜವೇ. ಹೆಗ್ಗಣ ಕೊರೆಯುತ್ತದೆ, ಮುಳ್ಳುಹಂದಿ ಕೊರೆಯುತ್ತದೆ, ಗೆದ್ದಲು ಕೊರೆಯುತ್ತದೆ. ಅವುಗಳ ಕೆಲಸ ಅವು ಮಾಡುತ್ತವೆ. ಬಿಲ ಕಂಡಕೂಡಲೇ ಅಗೆದು, ಮಣ್ಣು ತುಂಬಿ, ದಮ್ಮಸು ಹೊಡೆಯುವವರು ಯಾರು ಎಂಬುದು ಕೇಳಬೇಕಾದ ಪ್ರಶ್ನೆ. ಅದಕ್ಕೆ ಏಡಿ ಉತ್ತರ ಹೇಳಬೇಕಾಗಿಲ್ಲ.

ಹಿಂದೆ ಅದಕ್ಕೊಬ್ಬ ಮನುಷ್ಯನಿದ್ದ, ನೀರುಗಂಟಿ. ನಮ್ಮ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಗೊಡಗೆ, ದಶವಂದ ಎಂಬ ಮಾತುಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಕೆರೆ ಕಟ್ಟಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿ ಅದು. ಹೂಳು ಹೊರುವ ಬಂಡಿಗೂ ಅದರ ಎತ್ತಿಗೂ ಬಿಟ್ಟ ದತ್ತಿಗಳಿವೆ. ಕಟ್ಟುವುದಕ್ಕೆ ಒಮ್ಮೆ ಹಣ, ಕಾಯುವುದಕ್ಕೆ ವರ್ಷವರ್ಷವೂ ಹಣ ಬೇಕೆಂದು ಅವರು ತಿಳಿದಿದ್ದರು. ನಾವು ಹಾಡು ಕಟ್ಟಿದ್ದು ಮಾತ್ರ ಕೆರೆಗೆ ಹಾರವಾದ ಭಾಗೀರಥಿಯ ಮೇಲೆ. ದಿನಾ ಸಂಜೆ ಕುಡುಗೋಲು ಹಿಡಿದು ಏರಿ ಸುತ್ತಿದವನ ಮೇಲೆ ಹಾಡಿರುವುದನ್ನು ನಾನು ಕೇಳಿಲ್ಲ.

ನೀರುಗಂಟಿಯ ಕೆಲಸ ವಂಶದಿಂದ ಬಂದದ್ದು, ಜಾತಿಯಿಂದ ಕಟ್ಟಿಹಾಕಿದ್ದು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯಿಂದ ಆ ವ್ಯವಸ್ಥೆ ಹೋಯಿತು. ಹೋದದ್ದು ನ್ಯಾಯವೇ. ಒಂದು ಹಿಡಿ ಇನಾಮು ನೆಲಕ್ಕಾಗಿ ಅಪ್ಪನ ನಂತರ ಮಗ ಮಳೆಯಲ್ಲಿ ನೆನೆಯಬೇಕೆಂದು ಯಾವ ಶಾಸ್ತ್ರ ಹೇಳಿದರೂ ಒಪ್ಪಬಾರದು. ಆದರೆ ಹುದ್ದೆ ರದ್ದು ಮಾಡಿದ ನಾವು ಆ ಕೆಲಸವನ್ನೂ ರದ್ದು ಮಾಡಿಬಿಟ್ಟೆವು. ಸಂಬಳ ಕೊಟ್ಟು, ತರಬೇತಿ ಕೊಟ್ಟು, ಜಾತಿ ಕೇಳದೆ ಒಬ್ಬರನ್ನು ಅಲ್ಲಿ ನಿಲ್ಲಿಸಬೇಕಾಗಿತ್ತು. ನಿಲ್ಲಿಸಲಿಲ್ಲ. ಅಲ್ಲೊಂದು ಇಲ್ಲೊಂದು ಊರಲ್ಲಿ ಅಭ್ಯಾಸದಿಂದಲೋ ಅಭಿಮಾನದಿಂದಲೋ ಉಳಿದುಕೊಂಡವರು, ನಾನು ಹೇಳಿದ ಆ ಹಿರಿಯರಂಥವರು, ತಮ್ಮ ಕಾಲ ಮುಗಿಸಿ ಹೋದರು.

ಈಗ ಕಾನೂನು ಏನು ಹೇಳುತ್ತದೆ? 2021ರಲ್ಲಿ ಸಂಸತ್ತು ಅಣೆಕಟ್ಟು ಸುರಕ್ಷತಾ ಕಾಯ್ದೆ ಮಾಡಿತು. ಒಳ್ಳೆಯ ಕಾಯ್ದೆ. ಮಳೆಗಾಲಕ್ಕೆ ಮುಂಚೆ ಒಂದು, ಮುಗಿದಮೇಲೆ ಒಂದು ತಪಾಸಣೆ ಆಗಲೇಬೇಕು. ಆದರೆ ಅದು ಹಿಡಿಯುವುದು 15 ಮೀಟರ್‌ಗಿಂತ ಎತ್ತರದ ಕಟ್ಟೆಗಳನ್ನು. 10ರಿಂದ 15 ಮೀಟರ್ ಒಳಗಿನವು ಲೆಕ್ಕಕ್ಕೆ ಬರಬೇಕಾದರೆ ಕಟ್ಟೆಯ ಉದ್ದ 500 ಮೀಟರೋ, ನೀರು 10 ಲಕ್ಷ ಘನ ಮೀಟರೋ, ಅಂಥ ಒಂದು ಷರತ್ತು ಮುಟ್ಟಬೇಕು. ನಮ್ಮ ಇಪ್ಪತ್ತು ಎಕರೆಯ ಕೆರೆ ಯಾವ ಕಡೆಯಿಂದ ನೋಡಿದರೂ ಆ ಬಲೆಯ ಕಣ್ಣಿನಿಂದ ಜಾರಿಹೋಗುತ್ತದೆ. ಇನ್ನು 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯಿತಿಗಳ ಪಾಲು. ಬೀದಿದೀಪ, ಕುಡಿಯುವ ನೀರು, ಕಸ ಎಲ್ಲವನ್ನೂ ಹೊತ್ತ ಪಂಚಾಯಿತಿಗೆ ಏರಿಯ ನೆನಪಾಗುವುದು ಕೋಡಿ ಬಿದ್ದ ದಿನ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾದ 19ನೆಯ ಗೇಟಿನ ಸರಪಳಿ ತುಂಡಾದಾಗ ರಾಜ್ಯಕ್ಕೆ ರಾಜ್ಯವೇ ಟಿ.ವಿ. ಮುಂದೆ ಕೂತಿತ್ತು. ಏಳು ದಶಕ ದಾಟಿದ ಅಣೆಕಟ್ಟೆಯ ಬಗ್ಗೆ ನಮಗೆ ಗಾಬರಿಯಾಯಿತು. ಏಳು ಶತಮಾನದ ಏರಿಯ ಕೆಳಗೆ ನಿರಾತಂಕವಾಗಿ ಮಲಗುತ್ತೇವೆ.

ಕೋಡಿಯ ಮಾತಿಗೆ ಬರುತ್ತೇನೆ. ನಾನು ನೋಡಿದ ಹಾಳುಗಳಲ್ಲಿ ಹೆಚ್ಚಿನವು ಅಲ್ಲಿಯವೇ. ಕೋಡಿ ಎಂದರೆ ಕೆರೆಯ ಪ್ರಾಣ ಉಳಿಸುವ ಬಾಗಿಲು. ಹತ್ತಿಪ್ಪತ್ತು ವರ್ಷ ಕೆರೆ ತುಂಬದೇ ಹೋದರೆ ಆ ಬಾಗಿಲನ್ನು ಜನ ಮರೆಯುತ್ತಾರೆ. ಕೋಡಿ ಹಳ್ಳದಲ್ಲಿ ಒಬ್ಬರು ರಾಗಿ ಬಿತ್ತುತ್ತಾರೆ, ಇನ್ನೊಬ್ಬರು ಅಡಿಕೆ ಸಸಿ ಇಡುತ್ತಾರೆ, ಮೂರನೆಯವರು ಸೈಟು ಮಾಡುತ್ತಾರೆ. ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿದದ್ದು 2022ರಲ್ಲಿ. ನಡುವೆ 89 ವರ್ಷ. ಕೋಡಿ ಹರಿಯುವುದನ್ನೇ ನೋಡದೆ ಹುಟ್ಟಿ, ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡವರಿದ್ದಾರೆ. ಅದು ಕಲ್ಲಿನ ಅಣೆಕಟ್ಟೆ, ತಡೆಯಿತು. ಮಣ್ಣಿನ ಏರಿಗೆ ಆ ಸೈರಣೆಯಿಲ್ಲ.

ಇನ್ನೊಂದು ಕಡೆ ಕೋಡಿ ಎತ್ತರಿಸುವ ಚಾಳಿ. ಇನ್ನೊಂದು ಅಡಿ ನೀರು ನಿಂತರೆ ಬೇಸಿಗೆಗೆ ಆದೀತು ಎಂದು ರೈತರು ಮರಳು ಚೀಲ ಜೋಡಿಸುತ್ತಾರೆ. ಮೀನು ತಪ್ಪಿಸಿಕೊಂಡು ಹೋಗಬಾರದೆಂದು ಮೀನಿನ ಗುತ್ತಿಗೆಯವರು ಬಲೆ, ಬಿದಿರು ತಡಿಕೆ ಕಟ್ಟುತ್ತಾರೆ. ಮೊದಲ ಮಳೆಗೇ ಅದಕ್ಕೆ ಜೊಂಡು, ಅಂತರಗಂಗೆ, ಪ್ಲಾಸ್ಟಿಕ್ಕು ಬಂದು ಮೆತ್ತಿಕೊಂಡು ಗೋಡೆಯೇ ಆಗುತ್ತದೆ. ಕೋಡಿಯ ಮಟ್ಟಕ್ಕೂ ಏರಿಯ ತಲೆಗೂ ನಡುವೆ ಕಟ್ಟಿದವರು ಬಿಟ್ಟಿದ್ದ ನಾಲ್ಕೈದು ಅಡಿ ಸುಮ್ಮನೆ ಬಿಟ್ಟದ್ದಲ್ಲ, ರಾತ್ರಿ ಬರುವ ಮಳೆಗೆ ಬಿಟ್ಟದ್ದು. ಅದರಲ್ಲಿ ಒಂದು ಅಡಿ ಚೀಲ ತಿಂದಿತು, ಎರಡಡಿಯನ್ನು ವರ್ಷವರ್ಷ ಕುಗ್ಗಿದ ಏರಿಯೇ ತಿಂದಿತು. ಉಳಿದದ್ದೆಷ್ಟು? ಒಂದು ಉದ್ದನೆಯ ಪಾರದರ್ಶಕ ಪ್ಲಾಸ್ಟಿಕ್ ಪೈಪಿನಲ್ಲಿ ನೀರು ತುಂಬಿ, ಮನೆ ಕಟ್ಟುವ ಗಾರೆಯವರು ಮಟ್ಟ ನೋಡುವ ಹಾಗೆ ನೀವೇ ನೋಡಬಹುದು. ಏರಿಯ ಮೇಲೆ ಎಲ್ಲಿ ತಗ್ಗಿದೆಯೋ ಅಲ್ಲೇ ಮೊದಲು ಹರಿಯುತ್ತದೆ. ಹೆಚ್ಚಾಗಿ ಅದು ಎಮ್ಮೆಗಳು ದಿನಾ ಹತ್ತಿಳಿಯುವ ಓಣಿ, ಇಲ್ಲವೇ ಟ್ರ್ಯಾಕ್ಟರ್ ದಾಟಿಸಲು ಯಾರೋ ಕೆರೆದ ಜಾಗ.

ಮರಗಳ ವಿಷಯ ಎತ್ತಿದರೆ ಪರಿಸರದವರು ನನ್ನ ಮೇಲೆ ಸಿಟ್ಟಾಗುತ್ತಾರೆ. ಆಗಲಿ. ಏರಿಯ ಮೇಲೆ ಬೇಕಾದ್ದು ಗರಿಕೆ. ದೊಡ್ಡ ಮರ ಬೇಡ, ಬಳ್ಳಾರಿ ಜಾಲಿಯಂತೂ ಬೇಡವೇ ಬೇಡ. ಬದುಕಿರುವ ಬೇರು ಮಣ್ಣು ಹಿಡಿಯುತ್ತದೆ ಎಂಬುದು ನಿಜ. ಮರ ಸತ್ತು ಬೇರು ಕೊಳೆತರೆ ಅದೇ ಬೇರಿನ ಜಾಗ ಒಳ್ಳೆಯ ಕೊಳವೆಯಾಗುತ್ತದೆ. ಹಾಗೆಂದು ಇದ್ದಕ್ಕಿದ್ದಂತೆ ಹಳೆಯ ಹುಣಸೆ ಮರಕ್ಕೆ ಕೊಡಲಿ ಹಾಕಬೇಡಿ, ಕಡಿದು ಬುಡ ಬಿಟ್ಟರೆ ಕೊಳೆಯುವುದಕ್ಕೆ ನೀವೇ ದಾರಿ ಮಾಡಿದಂತೆ. ಕೆರೆ ಬತ್ತಿದಾಗ, ಎಂಜಿನಿಯರು ಎದುರಿಗಿದ್ದು, ಬೇರು ಸಮೇತ ತೆಗೆದು, ಗುಂಡಿಯನ್ನು ಅರ್ಧ ಅಡಿ ಅರ್ಧ ಅಡಿಯಾಗಿ ತುಂಬಿ ದಮ್ಮಸು ಮಾಡಬೇಕು. ಪೊದೆಯನ್ನು ಮಾತ್ರ ಈ ವರ್ಷವೇ ಸವರಿ. ಪೊದೆಯಿದ್ದರೆ ಬಿಲ ಕಾಣುವುದಿಲ್ಲ, ತೇವ ಕಾಣುವುದಿಲ್ಲ, ಏರಿಯೇ ಕಾಣುವುದಿಲ್ಲ.

ಹುತ್ತದ್ದು ಇನ್ನೂ ನಾಜೂಕಿನ ಮಾತು. ಏರಿಯ ಮೇಲೆ ಹುತ್ತ ಬೆಳೆದರೆ ಒಳಗೆ ಗೆದ್ದಲಿನ ಓಣಿಗಳು ಗಜಗಟ್ಟಲೆ ಹರಡಿರುತ್ತವೆ. ಆದರೆ ಹುತ್ತಕ್ಕೆ ಅರಿಶಿನ ಕುಂಕುಮ ಬಿದ್ದಿರುತ್ತದೆ, ನಾಗರ ಪಂಚಮಿಗೆ ಹಾಲು ಬಿದ್ದಿರುತ್ತದೆ. ಹಾರೆ ಹಾಕಲು ಯಾರೂ ಒಪ್ಪುವುದಿಲ್ಲ, ಎಂಜಿನಿಯರನ ಹೆಂಡತಿಯೂ ಒಪ್ಪುವುದಿಲ್ಲ. ಒಂದೂರಿನಲ್ಲಿ ಹಿರಿಯ ಹೆಂಗಸೊಬ್ಬರು ದಾರಿ ತೋರಿಸಿದರು. ಏರಿಯ ಆಚೆ ಕಟ್ಟೆ ಕಟ್ಟಿ ನಾಗರಕಲ್ಲು ಪ್ರತಿಷ್ಠೆ ಮಾಡಿ, ನಾಗಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗೋಣ ಎಂದರು. ಪೂಜೆಯಾಯಿತು, ಊಟವಾಯಿತು, ಮರುವಾರ ಹುತ್ತ ಅಗೆದೆವು. ಕೈ ಹಾಕಿದರೆ ಭುಜದವರೆಗೂ ಹೋಗುತ್ತಿತ್ತು.

ಹೂಳೆತ್ತುವುದರ ಬಗ್ಗೆ ಹೇಳದೆ ಮುಗಿಸುವ ಹಾಗಿಲ್ಲ. ಈಗ ಕೆರೆ ಅಭಿವೃದ್ಧಿ ಎಂದರೆ ಜೆ.ಸಿ.ಬಿ. ಎಂದಾಗಿದೆ. ಹೂಳು ಹೊಲಕ್ಕೆ ಚಿನ್ನ, ತೆಗೆಯಬೇಕು. ಆದರೆ ಟ್ರ್ಯಾಕ್ಟರಿಗೆ ಹತ್ತಿರವಾಗಲಿ ಎಂದು ಏರಿಯ ಬುಡಕ್ಕೇ ಬಕೆಟ್ಟು ಹಾಕುತ್ತಾರೆ. ನೂರಾರು ವರ್ಷ ಅಲ್ಲಿ ಕೂತ ನುಣ್ಣನೆಯ ಗೋಡುಮಣ್ಣು ಕೆರೆಯ ತಳಕ್ಕೆ ಹಾಸಿದ ಚಾಪೆಯಿದ್ದಂತೆ, ನೀರನ್ನು ತಡೆದಿಟ್ಟದ್ದು ಅದೇ. ಅದನ್ನು ಕೆತ್ತಿ ಕೆಳಗಿನ ಮರಳು ಪದರ ಕಾಣಿಸಿದರೆ ಮುಂದಿನ ಮಳೆಗೆ ನೀರು ಏರಿಯ ಅಡಿಯಿಂದಲೇ ದಾರಿ ಹುಡುಕಿಕೊಳ್ಳುತ್ತದೆ. ಏರಿಯ ಕಾಲು ಕಡಿದ ಹಾಗೆ ಬುಡದಲ್ಲಿ ಹಳ್ಳ ಬೇರೆ ಬೀಳುತ್ತದೆ. ನಡು ಅಂಗಳದಲ್ಲಿ ಎಷ್ಟು ಬೇಕಾದರೂ ತೆಗೆಯಿರಿ, ಏರಿಯಿಂದ ದೂರ ಇರಿ. ಅದೇ ರೀತಿ ಏರಿ ಹಿಂದಿನ ಮಣ್ಣನ್ನು ಇಟ್ಟಿಗೆಗೆಂದು ಕೆತ್ತುವುದು, ಒಳಮೈಗೆ ಹೊದಿಸಿದ ಕಲ್ಲನ್ನು ಮನೆಯ ಪಾಯಕ್ಕೆಂದು ಒಂದೊಂದೇ ಹೊತ್ತೊಯ್ಯುವುದು. ಈ ಕಳ್ಳತನಕ್ಕೆ ಯಾರೂ ಕಳ್ಳತನ ಎನ್ನುವುದಿಲ್ಲ. ಅಭಿವೃದ್ಧಿಯ ಹಣದಲ್ಲಿ ಏರಿಯ ಮೇಲೆ ವಾಯುವಿಹಾರದ ಹಾದಿ, ಬಣ್ಣದ ಬೆಂಚು, ಸ್ವಾಗತ ಕಮಾನು ಆದದ್ದನ್ನು ನೋಡಿದ್ದೇನೆ. ಕಮಾನಿನ ಕೆಳಗೇ ತೂಬಿನ ಗಂಟಲು ಕುಸಿದಿತ್ತು.

ತೂಬು ಏರಿಯ ಹೊಟ್ಟೆಯಲ್ಲಿ ಹಾದುಹೋಗುವ ಕಲ್ಲಿನ ಕೊಳವೆ. ಚಪ್ಪಡಿಗಳ ಸಂದಿನ ಗಾರೆ ಉದುರಿದರೆ ಮೇಲಿನ ಮಣ್ಣು ಅದರೊಳಕ್ಕೆ ಸುರಿದು ನೀರಿನೊಂದಿಗೆ ಗದ್ದೆಗೆ ಹೋಗುತ್ತದೆ. ಏರಿಯ ಮೇಲೆ, ತೂಬಿನ ನೇರಕ್ಕೆ, ಬುಟ್ಟಿ ಅಗಲದ ತಗ್ಗು ಬಿದ್ದರೆ ಮಕ್ಕಳು ಅಗೆದದ್ದು ಎಂದುಕೊಳ್ಳಬೇಡಿ. ಅದು ಒಳಗಿನ ಪೊಳ್ಳಿನ ಗುರುತು. ಅದಕ್ಕೆ ಒಂದು ಬಂಡಿ ಮಣ್ಣು ಸುರಿದು ಮುಚ್ಚಿದರೆ ಮುಂದಿನ ವರ್ಷ ಎರಡು ಬಂಡಿ ಬೇಕಾಗುತ್ತದೆ.

ಕೋಲಾರದ ಕಡೆಯವರಿಗೆ ಒಂದು ಮಾತು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ನಿಮ್ಮ ಕೆರೆಗಳಿಗೆ ಬರುತ್ತಿದೆ. ನೀರಿನ ಗುಣದ ಚರ್ಚೆ ಬೇರೆಯವರು ಮಾಡುತ್ತಿದ್ದಾರೆ. ನಾನು ಹೇಳುವುದು ಏರಿಯದು. ಎಷ್ಟೋ ವರ್ಷ ಒಣಗಿ ಬಿರುಕು ಬಿಟ್ಟ ಏರಿ ಈಗ ವರ್ಷಪೂರ್ತಿ ನೀರು ಹೊತ್ತಿದೆ. ಹಿಂದೆ ತುಂಬಿದರೂ ಬೇಸಿಗೆಗೆ ಇಳಿದು ಅದಕ್ಕೆ ಬಿಡುವು ಸಿಗುತ್ತಿತ್ತು, ತಪಾಸಣೆಗೂ ರಿಪೇರಿಗೂ ಅವಕಾಶವಿರುತ್ತಿತ್ತು. ಈಗ ಬಿಡುವಿಲ್ಲ. ಜೊತೆಗೆ ಕೆರೆ ಮೊದಲೇ ತುಂಬಿರುವುದರಿಂದ ದೊಡ್ಡ ಮಳೆ ಬಂದರೆ ಹಿಡಿದಿಡಲು ಜಾಗವೂ ಇಲ್ಲ. ಅಂಥ ಏರಿಗೆ ಎರಡು ಪಟ್ಟು ಕಣ್ಣು ಬೇಕು.

ಇದಕ್ಕೆಲ್ಲ ಕೋಟಿಗಟ್ಟಲೆ ಬೇಕೆಂದು ನಾನು ಹೇಳುತ್ತಿಲ್ಲ. ಕೆಲವಕ್ಕೆ ಬೇಕು, ತೂಬು ಹೊಸದಾಗಿ ಕಟ್ಟಲು ಸರ್ಕಾರವೇ ಬರಬೇಕು. ಆದರೆ ಏರಿ ನೋಡಿಕೊಳ್ಳುವುದರಲ್ಲಿ ಮುಕ್ಕಾಲು ಪಾಲು ಕಾಲಿನ ಕೆಲಸ. ಪಂಚಾಯಿತಿಯವರು ತಿಂಗಳ ಗೌರವಧನ ಕೊಟ್ಟು, ಒಂದು ಕುಡುಗೋಲು, ಒಂದು ಟಾರ್ಚು, ಒಂದು ನೋಟ್‌ಬುಕ್ಕು ಕೊಟ್ಟು ಒಬ್ಬ ಹುಡುಗನನ್ನೋ ಹುಡುಗಿಯನ್ನೋ ನೇಮಿಸಲಿ. ಏರಿಯ ಮೇಲಲ್ಲ, ಏರಿಯ ಹಿಂದೆ ಬುಡದಲ್ಲಿ ನಡೆಯಲಿ. ಬೇಸಿಗೆಯಲ್ಲೂ ಎಲ್ಲಿ ಹುಲ್ಲು ಕಡುಹಸಿರಾಗಿದೆಯೋ ಅಲ್ಲಿ ನಿಂತು ನೋಡಲಿ. ತೇವ ಕಂಡಲ್ಲಿ ಗೂಟ ನೆಟ್ಟು ತಾರೀಖು ಬರೆದಿಡಲಿ. ಒಸರಿಗೆ ಸಣ್ಣ ದೋಣಿ ಕಟ್ಟಿ, ಒಂದು ಕೊಡ ತುಂಬಲು ಎಷ್ಟು ಹೊತ್ತಾಯಿತೆಂದು ವಾರಕ್ಕೊಮ್ಮೆ ಲೆಕ್ಕ ಇಡಲಿ. ಕೆರೆಯ ಮಟ್ಟ ಅಷ್ಟೇ ಇದ್ದು ಕೊಡ ಬೇಗ ತುಂಬತೊಡಗಿದರೆ ಆ ನೋಟ್‌ಬುಕ್ಕು ಹಿಡಿದು ಎಂಜಿನಿಯರನ ಮೇಜಿನ ಮುಂದೆ ನಿಂತರಾಯಿತು. ಬರೀ ದೂರನ್ನು ಕಚೇರಿಗಳು ಕಡತಕ್ಕೆ ಸೇರಿಸುತ್ತವೆ. ತಾರೀಖು, ಅಂಕಿ ಇರುವ ನೋಟ್‌ಬುಕ್ಕನ್ನು ಕಡತಕ್ಕೆ ಸೇರಿಸಿ ಮರೆಯುವುದು ಅಷ್ಟು ಸುಲಭವಲ್ಲ. ಆ ಮೇಜಿನ ಈಚೆ ಕೂತವನ ಮಾತು ಇದು, ನಂಬಿ.

ಮುಂಗಾರಿಗೆ ಮುಂಚೆ ಒಂದು ಭಾನುವಾರ ನಿಮ್ಮೂರಿನ ಏರಿಯ ಬುಡದಲ್ಲಿ ಈ ತುದಿಯಿಂದ ಆ ತುದಿಗೆ ನಡೆದು ಬನ್ನಿ. ಕೋಡಿಗೆ ಅಡ್ಡವಿರುವ ಚೀಲ, ಬಲೆ ತೆಗೆಸಿ. ಮಳೆಗಾಲದಲ್ಲಿ ಒರತೆ ಎದ್ದರೆ ತಂಬಿಗೆ ಹಿಡಿಯಿರಿ. ತಳದಲ್ಲಿ ಮಣ್ಣು ಕೂತರೆ ಬೆಳಗಾಗಲಿ ಎಂದು ಕಾಯಬೇಡಿ. ಏರಿ ಕೆಳಗಿನ ಮನೆಯವರನ್ನು ಮೊದಲು ಎಬ್ಬಿಸಿ ಎತ್ತರಕ್ಕೆ ಕಳಿಸಿ, ಕೆಳಗಿನ ಕೆರೆಯ ಊರಿಗೆ ಸುದ್ದಿ ಮುಟ್ಟಿಸಿ, 112ಕ್ಕೂ ಕಚೇರಿಗೂ ಫೋನು ಮಾಡಿ. ಒರತೆಯ ಬಾಯಿಗೆ ಜೇಡಿ ಮೆತ್ತಬೇಡಿ.